ಇಂಗ್ಲಿಷ್ ಟೈಟಲ್‌ನಲ್ಲಿ ‘ಈಸ್’ ದೊಡ್ಡಕ್ಷರವಾ, ಚಿಕ್ಕಕ್ಷರವಾ? ನಾಲ್ಕನೇ ಕ್ಲಾಸಿನ ಮಗನಿಗೆ ಹೇಗೆ ಹೇಳಿಕೊಡಲಿ?

ತೀರ್ಥಹಳ್ಳಿ ಅಮ್ಮ:
ಎಲ್ಲರಿಗೂ ನಮಸ್ಕಾರ. ನನ್ನ ಮಗ ನಾಲ್ಕನೇ ಕ್ಲಾಸು. ಮನೆಯಲ್ಲಿ ಪೂರ್ತಿ ಕನ್ನಡ. ಮೊನ್ನೆ ಇಂಗ್ಲಿಷ್ ಟೆಸ್ಟಿನಲ್ಲಿ ಒಂದು ಪುಟ್ಟ ಕಥೆ ಬರೆದು ಅದಕ್ಕೊಂದು ಟೈಟಲ್ ಕೊಡಬೇಕಿತ್ತು. ಇವನು ಕೊಟ್ಟದ್ದು ‘★ವೇರ್ ★ಈಸ್ ★ಮೈ ★ಅಂಬ್ರೆಲ್ಲಾ’. ಇಲ್ಲಿ ಕನ್ನಡದಲ್ಲೇ ಟೈಪ್ ಮಾಡುತ್ತಿದ್ದೇನೆ. ಹಾಗಾಗಿ ಕ್ಯಾಪಿಟಲ್ ಲೆಟರ್‌ನಿಂದ ಶುರುವಾಗುವ ಪದಗಳಿಗೆ ನಕ್ಷತ್ರ ಹಾಕಿದ್ದೇನೆ, ನೀವೂ ಹಾಗೇ ಮಾಡಿದರೆ ಓದಲು ಸುಲಭ.

‘ಈಸ್’, ‘ಮೈ’ ಎರಡಕ್ಕೂ ಕೆಂಪು ಸುತ್ತು ಬಿದ್ದಿದೆ. ಪಕ್ಕದಲ್ಲಿ ‘ಚಿಕ್ಕ ಪದಗಳು ಸ್ಮಾಲ್ ಲೆಟರ್’ ಎಂದು ಬರೆದು ಒಂದು ಮಾರ್ಕು ಕಳೆದಿದ್ದಾರೆ. ಮಾರ್ಕಿನ ಚಿಂತೆ ನನಗಿಲ್ಲ. ಅವನು ಮನೆಗೆ ಬಂದು ಕೇಳಿದ ಪ್ರಶ್ನೆಗೆ ಉತ್ತರ ಕೊಡಲು ಆಗಲಿಲ್ಲ. “ಅಮ್ಮಾ, ಯಾವುದು ಚಿಕ್ಕ ಪದ? ಎಷ್ಟು ಅಕ್ಷರ ಇದ್ದರೆ ಚಿಕ್ಕದು?” ಎಂದ. ನಾನು ಓದಿದ್ದು ಕನ್ನಡ ಮೀಡಿಯಂ. ಇದನ್ನು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಸರಿ ಯಾವುದು ಅಂತ ಹೇಳಿ. ಅದಕ್ಕಿಂತ ಮುಖ್ಯ, ಒಂಬತ್ತು ವರ್ಷದ ಹುಡುಗನಿಗೆ ಅರ್ಥವಾಗುವ ಹಾಗೆ ಹೇಗೆ ಹೇಳಲಿ?

ಕಾಫಿಹೂ:
‘ಈಸ್’ ದೊಡ್ಡದೇ. ‘ಮೈ’ ಕೂಡ ದೊಡ್ಡದೇ. ನಿಮ್ಮ ಮಗ ಬರೆದದ್ದು ನೂರಕ್ಕೆ ನೂರು ಸರಿ.

ಕುಂದಾಪುರ ಮಾಣಿ:
ಸ್ವಲ್ಪ ತಡೀರಿ. ನಾವೆಲ್ಲ ಕಲಿತದ್ದೂ ಚಿಕ್ಕ ಪದಕ್ಕೆ ಚಿಕ್ಕಕ್ಷರ ಅಂತಲೇ. ಅದೂ ಅಲ್ಲದೆ ದಿನಾ ಬೆಳಿಗ್ಗೆ ದ ಹಿಂದೂ ಪತ್ರಿಕೆ ಓದುತ್ತೇನೆ. ಅದರ ಹೆಡ್‌ಲೈನ್‌ಗಳಲ್ಲಿ ಮೊದಲ ಪದ ಬಿಟ್ಟರೆ ಊರಿನ ಹೆಸರು, ಜನರ ಹೆಸರು ಮಾತ್ರ ದೊಡ್ಡದು. ಉಳಿದದ್ದೆಲ್ಲ ಚಿಕ್ಕದು. ಅಷ್ಟು ಹಳೆಯ ಪತ್ರಿಕೆ ತಪ್ಪು ಬರೆಯುತ್ತದಾ? ಟೀಚರ್ ತಪ್ಪು ಅಂತ ಇಷ್ಟು ಬೇಗ ತೀರ್ಮಾನ ಮಾಡಬೇಡಿ.

ಕಾಪಿಡೆಸ್ಕ್ ಬೆಂಗಳೂರು:
ಪುಸ್ತಕಗಳ ಕರಡು ತಿದ್ದುವುದೇ ನನ್ನ ಕೆಲಸ, ಅದಕ್ಕೆ ಸ್ವಲ್ಪ ಉದ್ದ ಬರೆಯುತ್ತೇನೆ.

ಕುಂದಾಪುರದವರು ಹೇಳಿದ್ದು ಸರಿ, ಆದರೆ ಅದು ಬೇರೆ ಪದ್ಧತಿ. ಒಂದು ವಾಕ್ಯವನ್ನು ಹೇಗೆ ಬರೆಯುತ್ತೇವೋ ಟೈಟಲ್ಲನ್ನೂ ಹಾಗೇ ಬರೆಯುವುದು ಒಂದು ದಾರಿ. ಅದಕ್ಕೆ ಸೆಂಟೆನ್ಸ್ ಕೇಸ್ ಎನ್ನುತ್ತಾರೆ. ದ ಹಿಂದೂ ಮಾಡುವುದು ಅದನ್ನೇ. ಮುಖ್ಯ ಪದಗಳನ್ನೆಲ್ಲ ದೊಡ್ಡಕ್ಷರದಿಂದ ಬರೆಯುವುದು ಇನ್ನೊಂದು ದಾರಿ. ಅದು ಟೈಟಲ್ ಕೇಸ್. ಎರಡೂ ಸರಿ. ಒಂದೇ ಟೈಟಲ್‌ನಲ್ಲಿ ಎರಡನ್ನೂ ಬೆರೆಸಬಾರದು, ಅಷ್ಟೇ. ಹುಡುಗನ ಕೆಂಪು ಸುತ್ತು ನೋಡಿ. ‘ಅಂಬ್ರೆಲ್ಲಾ’ ದೊಡ್ಡದಾಗಿರುವುದನ್ನು ಮಿಸ್ ಒಪ್ಪಿದ್ದಾರೆ. ಅಂದರೆ ಅವರು ಟೈಟಲ್ ಕೇಸನ್ನೇ ಕೇಳುತ್ತಿದ್ದಾರೆ. ಹಾಗಾದರೆ ‘ಈಸ್’ ದೊಡ್ಡದಾಗಲೇಬೇಕು.

ಟೈಟಲ್ ಕೇಸ್‌ನಲ್ಲಿ ಚಿಕ್ಕದಾಗಿ ಉಳಿಯುವುದು ಮೂರು ಗುಂಪು. ‘ಎ, ಆ್ಯನ್, ದ’ ಒಂದು. ‘ಆ್ಯಂಡ್, ಬಟ್, ಆರ್ (ಅಥವಾ)’ ತರಹದ ಜೋಡಿಸುವ ಪದಗಳು ಎರಡು. ‘ಇನ್, ಆನ್, ಟು, ಆಫ್’ ತರಹದ ಪ್ರಿಪೊಸಿಷನ್‌ಗಳು ಮೂರು. ಮೊದಲ ಪದ ಮತ್ತು ಕೊನೆಯ ಪದ ಮಾತ್ರ ಯಾವ ಗುಂಪಿನದಾದರೂ ದೊಡ್ಡದು. ನಾಮಪದ, ಕ್ರಿಯಾಪದ, ಸರ್ವನಾಮ, ಗುಣವಾಚಕ ಎಲ್ಲವೂ ದೊಡ್ಡದು, ಎರಡೇ ಅಕ್ಷರ ಇದ್ದರೂ ಸರಿ. ‘ಈಸ್’ ಕ್ರಿಯಾಪದ. ‘ಇಟ್’ ಸರ್ವನಾಮ. ಇವೆರಡೂ ಜನ ಅತಿ ಹೆಚ್ಚು ಎಡವುವ ಜಾಗ. ದೊಡ್ಡವರು ಬರೆದ ಹಸ್ತಪ್ರತಿಗಳಲ್ಲೂ ದಿನಾ ತಿದ್ದುತ್ತೇನೆ.

ಗೊಂದಲ ಬರುವುದು ಉದ್ದದ ಪ್ರಿಪೊಸಿಷನ್‌ಗಳಲ್ಲಿ. ‘ವಿತ್’, ‘ಫ್ರಮ್’, ‘ಅಬೌಟ್’, ‘ಬಿಟ್ವೀನ್’. ಇಂಗ್ಲಿಷ್ ಬರವಣಿಗೆಯ ನಿಯಮಗಳಿಗೆ ಅಮೆರಿಕದಲ್ಲಿ ಹಲವು ಪದ್ಧತಿಗಳಿವೆ. ಅದರಲ್ಲಿ ಎಂಎಲ್‌ಎ ಪದ್ಧತಿಯವರು ಎಷ್ಟೇ ಉದ್ದ ಇದ್ದರೂ ಚಿಕ್ಕದು ಎನ್ನುತ್ತಾರೆ. ಎಪಿಎ ಪದ್ಧತಿಯಲ್ಲಿ, ಅಮೆರಿಕದ ಎಪಿ ಸುದ್ದಿಸಂಸ್ಥೆಯ ಪದ್ಧತಿಯಲ್ಲಿ ನಾಲ್ಕು ಅಕ್ಷರ ದಾಟಿದರೆ ಸಾಕು, ದೊಡ್ಡದು. ಶಿಕಾಗೊ ಕೈಪಿಡಿ ಇಷ್ಟು ವರ್ಷ ಚಿಕ್ಕದು ಎನ್ನುತ್ತಿತ್ತು. 2024ರಲ್ಲಿ ಬಂದ 18ನೇ ಆವೃತ್ತಿಯಲ್ಲಿ ಐದು ಅಕ್ಷರ ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ದೊಡ್ಡದು ಎಂದು ಬದಲಾಯಿಸಿದರು. ಜಗಳ ಏನಿದ್ದರೂ ಇಷ್ಟರಲ್ಲೇ. ‘ಈಸ್’ ಬಗ್ಗೆ ಇವರಲ್ಲಿ ಯಾರಿಗೂ ಭಿನ್ನಾಭಿಪ್ರಾಯ ಇಲ್ಲ.

ಹಾವೇರಿ ಟೀಚರ್:
ಮೇಲಿನವರು ಹೇಳಿದ ‘ನಾಲ್ಕು ಅಕ್ಷರ ದಾಟಿದರೆ’ ಅನ್ನುವುದನ್ನು ಸ್ವಲ್ಪ ಸರಿಮಾಡುತ್ತೇನೆ. ನಾಲ್ಕು ಅಕ್ಷರ ಇದ್ದರೇ ದೊಡ್ಡದು. ದಾಟಬೇಕಾಗಿಲ್ಲ.

ಕಾಪಿಡೆಸ್ಕ್ ಬೆಂಗಳೂರು:
ಹೌದು ಟೀಚರ್, ನನ್ನ ತಪ್ಪು. ನಾಲ್ಕು ಅಥವಾ ಜಾಸ್ತಿ.

ತೀರ್ಥಹಳ್ಳಿ ಅಮ್ಮ:
ತುಂಬಾ ಧನ್ಯವಾದ. ನನಗೆ ಅರ್ಥವಾಯಿತು. ಆದರೆ ಪ್ರಿಪೊಸಿಷನ್, ಸರ್ವನಾಮ ಅಂತ ಇವನ ಮುಂದೆ ಹೇಳಿದರೆ ಪುಸ್ತಕ ಮುಚ್ಚಿ ತೋಟಕ್ಕೆ ಓಡುತ್ತಾನೆ. ಮಕ್ಕಳಿಗೆ ಹೇಳುವ ದಾರಿ ಬೇಕು.

ಹಾವೇರಿ ಟೀಚರ್:
ನಾನು ಸರ್ಕಾರಿ ಶಾಲೆಯಲ್ಲಿ ಇಂಗ್ಲಿಷ್ ಹೇಳಿಕೊಡುತ್ತೇನೆ. ನಾನೇ ಎಬಿಸಿಡಿ ಕಲಿತದ್ದು ಐದನೇ ಕ್ಲಾಸಿನಲ್ಲಿ. ಈಗಿನ ಮಕ್ಕಳಿಗೆ ಒಂದರಿಂದಲೇ ಇಂಗ್ಲಿಷ್ ಇದೆ. ಆದರೂ ಕ್ಯಾಪಿಟಲ್ ವಿಷಯದಲ್ಲಿ ಅದೇ ತೊಂದರೆ. ನಾನು ಮಾಡುವ ಆಟ ಹೇಳುತ್ತೇನೆ.

ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಒಂದೊಂದು ಹಾಳೆಗೆ ಒಂದೊಂದು ಪದ ಬರೆಯುತ್ತೇನೆ. ‘ಎ’, ‘ಟ್ರಿಪ್’, ‘ಟು’, ‘ಹಂಪಿ’, ‘ವಿತ್’, ‘ಮೈ’, ‘ಅಜ್ಜಿ’. ಏಳು ಮಕ್ಕಳು ಹಾಳೆ ಹಿಡಿದು ಸಾಲಾಗಿ ನಿಲ್ಲುತ್ತಾರೆ. ಉಳಿದವರು ಹೇಳಬೇಕು, ಯಾರು ನಿಂತಿರಬೇಕು, ಯಾರು ಕೂರಬೇಕು. ನಿಂತವರು ದೊಡ್ಡಕ್ಷರ, ಕೂತವರು ಚಿಕ್ಕಕ್ಷರ. ಎರಡು ತುದಿಯವರು ಯಾವತ್ತೂ ಕೂರುವ ಹಾಗಿಲ್ಲ. ಅವರು ಬಾಗಿಲು ಕಾಯುವವರು. ಇದನ್ನು ಒಂದೇ ದಿನದಲ್ಲಿ ಕಲಿಯುತ್ತಾರೆ.

ನಡುವಿನವರಿಗೆ ಪ್ರಶ್ನೆ ಕೇಳುತ್ತೇವೆ. “ನೀನು ಯಾರು? ನಿನ್ನ ಕೆಲಸ ಏನು?” ‘ಹಂಪಿ’ ಹಿಡಿದವಳು “ನಾನು ಒಂದು ಊರು” ಎನ್ನುತ್ತಾಳೆ. ‘ಟು’ ಹಿಡಿದ ಹುಡುಗ “ನಾನು ಟ್ರಿಪ್ಪನ್ನೂ ಹಂಪಿಯನ್ನೂ ಜೋಡಿಸುತ್ತೇನೆ” ಎಂದು ಕೂತುಕೊಳ್ಳುತ್ತಾನೆ. ಒಮ್ಮೆ ‘ಮೈ’ ಹಿಡಿದ ಹುಡುಗಿಗೆ ಎಲ್ಲರೂ “ಕೂರು, ನೀನು ಚಿಕ್ಕವಳು” ಎಂದು ಕೂಗಿದರು. ಅವಳು ಕೂರಲಿಲ್ಲ. “ನಾನು ಇಲ್ಲದಿದ್ದರೆ ಅದು ಯಾರ ಅಜ್ಜಿ?” ಎಂದು ಕೇಳಿದಳು. ಆ ಕ್ಲಾಸಿಗೆ ಆಮೇಲೆ ‘ಮೈ’ ಬಗ್ಗೆ ನಾನು ಏನೂ ಹೇಳಬೇಕಾಗಿ ಬರಲಿಲ್ಲ.

ಕೊಪ್ಪಳದ ಅಪ್ಪ:
ಕ್ಷಮಿಸಿ, ನನಗೆ ಇದು ಸರಿ ಅನಿಸುತ್ತಿಲ್ಲ. ನನ್ನ ಮಗಳು ಐದನೇ ಕ್ಲಾಸು. ಒಂದು ಇಂಗ್ಲಿಷ್ ವಾಕ್ಯ ತಾನಾಗಿ ಬರೆಯಲು ಕಷ್ಟಪಡುತ್ತಾಳೆ. ಅಂಥ ಮಕ್ಕಳೇ ಜಾಸ್ತಿ ನಮ್ಮ ಕಡೆ. ಅವರ ಮುಂದೆ ಟೈಟಲ್‌ನಲ್ಲಿ ಯಾವ ಪದ ನಿಲ್ಲಬೇಕು, ಯಾವುದು ಕೂರಬೇಕು ಎಂದು ದಿನ ಕಳೆಯುವುದು ಯಾಕೆ? ಮೊದಲು ಓದಲು ಬರಲಿ, ಮಾತಾಡಲು ಬರಲಿ. ಕಥೆ ಬರೆದ ಹುಡುಗನಿಗೆ ಕಥೆಗೆ ಮಾರ್ಕ್ ಕೊಡಬೇಕು. ಅಕ್ಷರ ದೊಡ್ಡದೋ ಚಿಕ್ಕದೋ ಎಂದು ಮಾರ್ಕ್ ಕಳೆದರೆ ಮಗು ಮುಂದಿನ ಸಲ ಕಥೆಯನ್ನೇ ಬರೆಯುವುದಿಲ್ಲ.

ಕಾಫಿಹೂ:
ಕೊಪ್ಪಳದವರ ಕೊನೆಯ ಮಾತು ನೂರಕ್ಕೆ ನೂರು ನಿಜ.

ಸ್ಯಾನ್ ಹೋಸೆ ಕನ್ನಡತಿ:
ನಮ್ಮ ಮಕ್ಕಳು ಕ್ಯಾಲಿಫೋರ್ನಿಯಾದಲ್ಲಿ ಓದುತ್ತಿದ್ದಾರೆ. ಇಂಗ್ಲಿಷೇ ಮಾತಾಡುವ ಮಕ್ಕಳಿಗೂ ಇಲ್ಲಿ ಇದನ್ನು ಒಂದೇ ಸಲಕ್ಕೆ ಹೇಳಿಕೊಡುವುದಿಲ್ಲ. 2010ರಲ್ಲಿ ಬಂದ ಕಾಮನ್ ಕೋರ್ ಪಠ್ಯ ಗುರಿಗಳಲ್ಲಿ ಒಂದು ಕ್ರಮ ಇದೆ. ಕಿಂಡರ್‌ಗಾರ್ಟನ್‌ನಲ್ಲಿ ವಾಕ್ಯದ ಮೊದಲ ಪದ ಮತ್ತು ‘ಐ’ ಎನ್ನುವ ‘ನಾನು’. ಒಂದನೇ ಗ್ರೇಡಿನಲ್ಲಿ ಜನರ ಹೆಸರು, ತಾರೀಖು. ಎರಡರಲ್ಲಿ ಹಬ್ಬದ ಹೆಸರು, ಊರು ನದಿಗಳ ಹೆಸರು, ಅಂಗಡಿ ಸಾಮಾನಿನ ಬ್ರ್ಯಾಂಡ್ ಹೆಸರು. ಟೈಟಲ್ ಬರುವುದು ಮೂರನೇ ಗ್ರೇಡಿನಲ್ಲಿ, ಎಲ್ಲಕ್ಕಿಂತ ಕೊನೆಗೆ. ಆಗ ಮಗುವಿಗೆ ಎಂಟು ವರ್ಷ ತುಂಬಿರುತ್ತದೆ, ಹುಟ್ಟಿದಾಗಿನಿಂದ ಆ ಭಾಷೆ ಕಿವಿಗೆ ಬಿದ್ದಿರುತ್ತದೆ. ಹಾಗಿರುವಾಗ ತೀರ್ಥಹಳ್ಳಿಯ ಮಗು ನಾಲ್ಕನೇ ಕ್ಲಾಸಿನಲ್ಲಿ ಸರಿಯಾಗಿ ಬರೆದದ್ದು ದೊಡ್ಡ ವಿಷಯ. ಅದಕ್ಕೆ ಕೆಂಪು ಸುತ್ತು ಬಿದ್ದದ್ದು ನನಗೂ ಬೇಜಾರಾಯಿತು ಅಕ್ಕ.

ಕೊಪ್ಪಳದ ಅಪ್ಪ:
ನೋಡಿ, ನಾನು ಹೇಳಿದ್ದೂ ಅದೇ. ಟೈಟಲ್ ಕೊನೆಗೆ ಬರಲಿ.

ಹಾವೇರಿ ಟೀಚರ್:
ಸರ್, ಕ್ರಮದ ಬಗ್ಗೆ ನಿಮ್ಮ ಮಾತು ಒಪ್ಪುತ್ತೇನೆ. ನಾನೂ ವಾಕ್ಯದ ಶುರು, ‘ಐ’, ಹೆಸರು, ವಾರ, ತಿಂಗಳು ಎಲ್ಲ ಗಟ್ಟಿಯಾದ ಮೇಲೇ ಟೈಟಲ್ ತೆಗೆಯುವುದು. ಆದರೆ ‘ದಿನ ಕಳೆಯುವುದು’ ಎಂದಿರಲ್ಲ, ಅದನ್ನು ಒಪ್ಪುವುದಿಲ್ಲ. ನಿಮ್ಮ ಮಗಳಂಥ ಮಕ್ಕಳೇ ನನ್ನ ಕ್ಲಾಸಿನಲ್ಲೂ ಇರುವುದು. ಪೂರ್ತಿ ವಾಕ್ಯ ಬರೆಯಲು ಹೆದರುವ ಮಗು ನಾಲ್ಕು ಪದದ ಟೈಟಲ್ ಬರೆಯಲು ಹೆದರುವುದಿಲ್ಲ. ತನ್ನ ಚಿತ್ರಕ್ಕೆ ತಾನೇ ಒಂದು ಇಂಗ್ಲಿಷ್ ಹೆಸರು ಕೊಟ್ಟಾಗ ಆ ಮುಖ ನೋಡಬೇಕು. ಆಟದ ನೆಪದಲ್ಲಿ ಯಾವ ಪದ ಏನು ಕೆಲಸ ಮಾಡುತ್ತದೆ ಎನ್ನುವುದೂ ಗೊತ್ತಾಗುತ್ತದೆ. ವಾಕ್ಯ ಕಟ್ಟಲು ಬೇಕಾದದ್ದು ಅದೇ ತಾನೇ?

ಕೊಪ್ಪಳದ ಅಪ್ಪ:
ಚಿತ್ರಕ್ಕೆ ಹೆಸರು ಕೊಡಿಸುವುದು ಒಳ್ಳೆಯದಿದೆ. ಮಗಳ ಜೊತೆ ಮಾಡಿ ನೋಡುತ್ತೇನೆ. ಮಾರ್ಕ್ ಕಳೆಯುವುದರ ಬಗ್ಗೆ ನನ್ನ ಮಾತು ಬದಲಾಗುವುದಿಲ್ಲ.

ಕೆ.ಆರ್. ಮೊಹಲ್ಲಾ ವ್ಯಾಕರಣ:
ನಮ್ಮ ಮಕ್ಕಳಿಗೆ ಒಂದು ಅನುಕೂಲ ಇದೆ. ಅದನ್ನು ಯಾರೂ ಬಳಸುತ್ತಿಲ್ಲ. ಕನ್ನಡ! ಟೈಟಲ್ಲನ್ನು ಕನ್ನಡಕ್ಕೆ ತಂದು ನೋಡಲು ಹೇಳಿ. ‘ಟು ಹಂಪಿ’ ಎಂದರೆ ‘ಹಂಪಿಗೆ’. ‘ಟು’ ಎಲ್ಲಿ ಹೋಯಿತು? ‘ಗೆ’ ಆಗಿ ಹಂಪಿಗೆ ಬಾಲದ ಹಾಗೆ ಅಂಟಿಕೊಂಡಿತು. ‘ಇನ್ ದ ರಿವರ್’ ಎಂದರೆ ‘ನದಿಯಲ್ಲಿ’. ‘ಇನ್’ ಬಾಲವಾಯಿತು, ‘ದ’ ಮಾಯವಾಯಿತು. ‘ಆ್ಯಂಡ್’ ಕೂಡ ಬಾಲವೇ, ‘ಹುಲಿಯೂ ಹಸುವೂ’. ಇಂಗ್ಲಿಷಿನಲ್ಲಿ ಚಿಕ್ಕಕ್ಷರ ಪಡೆಯುವ ಪದಗಳು ಬಹುಪಾಲು ಕನ್ನಡದಲ್ಲಿ ವಿಭಕ್ತಿ ಪ್ರತ್ಯಯಗಳು ಅಥವಾ ಏನೂ ಇಲ್ಲದ್ದು. ‘ಮೈ’ ನೋಡಿ, ‘ನನ್ನ’. ಒಂಟಿಯಾಗಿ ನಿಂತಿತು. ‘ಇಟ್’ ಎಂದರೆ ‘ಅದು’. ಅದೂ ಒಂಟಿ. ಹಾಗಾಗಿ ದೊಡ್ಡದು. ಬಾಲ ಅಥವಾ ಮಾಯ ಆದರೆ ಚಿಕ್ಕದು, ಒಂಟಿಯಾಗಿ ನಿಂತರೆ ದೊಡ್ಡದು. ಪ್ರಿಪೊಸಿಷನ್ ಎನ್ನುವ ಶಬ್ದವೇ ಬೇಡ.

ಕಾರ್ಕಳ ಅಕ್ಕ:
ಚೆಂದ ಇದೆ ಸರ್, ಆದರೆ ಈ ಥ್ರೆಡ್ ಶುರುವಾದದ್ದೇ ‘ಈಸ್’ನಿಂದ. ಅದು ನಿಮ್ಮ ಲೆಕ್ಕದಲ್ಲಿ ಕೆಡುತ್ತದಲ್ಲ! ‘ದ ಟೈಗರ್ ಈಸ್ ಬಿಗ್’ ಎಂದರೆ ಕನ್ನಡದಲ್ಲಿ ‘ಹುಲಿ ದೊಡ್ಡದು’. ‘ಈಸ್’ ಎಲ್ಲಿ? ಅದೂ ಮಾಯ.

ಕೆ.ಆರ್. ಮೊಹಲ್ಲಾ ವ್ಯಾಕರಣ:
ಅಕ್ಕ, ಒಳ್ಳೆಯ ಜಾಗದಲ್ಲೇ ಹಿಡಿದಿರಿ. ಹೌದು, ಕೆಡುತ್ತದೆ. ಬರೆದ ಮೇಲೆ ಇದನ್ನೇ ಯೋಚಿಸುತ್ತಿದ್ದೆ. ನಮ್ಮ ಟೀಚರ್‌ಗಳೂ ಮಕ್ಕಳೂ ‘ಈಸ್’ನಲ್ಲೇ ಎಡವಲು ಕಾರಣವೂ ಇದೇ ಅನಿಸುತ್ತದೆ. ‘ನನ್ನ ಹೆಸರು ಇಂಥದ್ದು’, ‘ಇದು ನಮ್ಮ ಮನೆ’ ಎನ್ನುವಾಗ ಕನ್ನಡಕ್ಕೆ ಕ್ರಿಯಾಪದವೇ ಬೇಕಿಲ್ಲ. ಹಾಗಾಗಿ ‘ಈಸ್’ ನಮ್ಮ ಕಿವಿಗೆ ಏನೂ ಅಲ್ಲದ ಪದದ ಹಾಗೆ ಕೇಳುತ್ತದೆ. ‘ದ’ ಪಕ್ಕದಲ್ಲಿ ಅದನ್ನೂ ಕೂರಿಸಿಬಿಡುತ್ತೇವೆ.

ಅದಕ್ಕೆ ಇನ್ನೊಂದು ಪರೀಕ್ಷೆ ಸೇರಿಸೋಣ. ‘ನಿನ್ನೆ’ ಎಂದು ಹೇಳಿ ನೋಡುವುದು. ಇವತ್ತು ‘ಈಸ್’, ನಿನ್ನೆ ‘ವಾಸ್’. ಇವತ್ತು ‘ಆರ್’ (‘ದೇ ಆರ್’ನಲ್ಲಿ ಬರುವ ‘ಆರ್’), ನಿನ್ನೆ ‘ವರ್’. ನಿನ್ನೆ ಎಂದಾಗ ವೇಷ ಬದಲಿಸಿದರೆ ಅದು ಕ್ರಿಯಾಪದ, ದೊಡ್ಡಕ್ಷರ. ‘ಟು’ಗೆ ನಿನ್ನೆ ಇಲ್ಲ, ‘ದ’ಗೆ ನಿನ್ನೆ ಇಲ್ಲ, ‘ಆಫ್’ಗೆ ನಿನ್ನೆ ಇಲ್ಲ. ಮೊದಲು ನಿನ್ನೆ ಪರೀಕ್ಷೆ, ಆಮೇಲೆ ಬಾಲದ ಪರೀಕ್ಷೆ.

ಕಾಪಿಡೆಸ್ಕ್ ಬೆಂಗಳೂರು:
ಇದು ಬಹಳ ಹಿಡಿಸಿತು. ಇಷ್ಟು ವರ್ಷ ಈ ಕೆಲಸ ಮಾಡಿದರೂ ‘ಈಸ್’ ತಪ್ಪಿಗೆ ಕನ್ನಡ ಕಾರಣ ಇರಬಹುದು ಎಂದು ಹೊಳೆದಿರಲಿಲ್ಲ. ಒಂದು ಮಾತು ಮಾತ್ರ, ಇಂಗ್ಲಿಷೊಂದೇ ಗೊತ್ತಿರುವವರೂ ‘ಈಸ್’ ತಪ್ಪುತ್ತಾರೆ. ಅಲ್ಲಿ ಕಾರಣ ಬರೀ ಪದದ ಗಾತ್ರ.

ಹಾವೇರಿ ಟೀಚರ್:
ನಿನ್ನೆ ಪರೀಕ್ಷೆ ನಾಳೆಯೇ ಮಾಡುತ್ತೇನೆ. ಆದರೆ ಸರ್, ‘ವಿತ್ ಮೈ ಅಜ್ಜಿ’ಗೆ ಏನು ಮಾಡುವುದು? ‘ಅಜ್ಜಿಯೊಂದಿಗೆ’ ಎಂದರೆ ಬಾಲ. ‘ಅಜ್ಜಿಯ ಜೊತೆ’ ಎಂದರೆ ಒಂಟಿ. ಮಕ್ಕಳು ಹೇಳುವುದು ‘ಜೊತೆ’ ಅಂತಲೇ.

ಕೆ.ಆರ್. ಮೊಹಲ್ಲಾ ವ್ಯಾಕರಣ:
‘ಅಬೌಟ್’ ಎಂದರೆ ‘ಬಗ್ಗೆ’, ‘ಅಂಡರ್’ ಎಂದರೆ ‘ಕೆಳಗೆ’. ಅವೂ ಹಾಗೇ. ಇಂಗ್ಲಿಷಿನವರೇ ಜಗಳವಾಡುವ ಪದಗಳು ನಮ್ಮ ಪರೀಕ್ಷೆಯಲ್ಲೂ ನಡುಗೆರೆಯ ಮೇಲೆ ನಿಂತಿವೆ. ಇದಕ್ಕೆ ನನ್ನಲ್ಲಿ ಉಪಾಯ ಇಲ್ಲ.

ಕಾಪಿಡೆಸ್ಕ್ ಬೆಂಗಳೂರು:
ಉಪಾಯ ಬೇಕಾಗಿಲ್ಲ, ಒಂದು ನಿರ್ಧಾರ ಸಾಕು. ಶಾಲೆಯಲ್ಲಿ ಒಂದೇ ಪದ್ಧತಿ ಅಂತ ಇಟ್ಟುಕೊಳ್ಳಿ. ‘ವಿತ್’ ಚಿಕ್ಕದು ಎಂದರೆ ಎಲ್ಲ ಕ್ಲಾಸಿನಲ್ಲೂ ಚಿಕ್ಕದು. ಮಕ್ಕಳಿಗೆ ಕಷ್ಟವಾಗುವುದು ಮೂರನೇ ಕ್ಲಾಸಿನ ಮಿಸ್ ಒಂದು, ನಾಲ್ಕನೇ ಕ್ಲಾಸಿನ ಮಿಸ್ ಇನ್ನೊಂದು ಹೇಳಿದಾಗ. ಮತ್ತೆ ‘ಅಪ್’ ಬಗ್ಗೆ ಜೋಪಾನ. ‘ಅಪ್ ದ ಹಿಲ್’ನಲ್ಲಿ ಅದು ಪ್ರಿಪೊಸಿಷನ್. ‘ವೇಕ್ ಅಪ್’ನಲ್ಲಿ ಅದು ಕ್ರಿಯಾಪದದ ಭಾಗ, ಆಗ ದೊಡ್ಡದು. ಕನ್ನಡದಲ್ಲಿ ‘ಏಳು’ ಎಂದು ಒಂದೇ ಪದವಾಗುತ್ತದಲ್ಲ, ಅದನ್ನು ತೋರಿಸಿದರೆ ಸಾಕು.

ಗದಗ ಪ್ರೆಸ್:
ಇಷ್ಟೆಲ್ಲ ಓದಿ ನನ್ನ ಹಳೆಯ ದಿನ ನೆನಪಾದವು. ನಮ್ಮೂರಿಗೆ ಮುದ್ರಣ ಕಾಶಿ ಅಂತಲೇ ಹೆಸರು. ಹುಡುಗನಾಗಿದ್ದಾಗ ಪ್ರೆಸ್ಸಿನಲ್ಲಿ ಮೊಳೆ, ಅಂದರೆ ಒಂದೊಂದು ಅಕ್ಷರದ ಲೋಹದ ಅಚ್ಚು, ಜೋಡಿಸುತ್ತಿದ್ದೆ. ಇಂಗ್ಲಿಷ್ ಕೆಲಸ ಬಂದರೆ ಎರಡು ಕೇಸು. ಕೇಸು ಎಂದರೆ ಮೊಳೆ ಇಡುವ ಖಾನೆ ಖಾನೆಯ ಮರದ ತಟ್ಟೆ. ಮೇಲಿನ ಕೇಸಿನಲ್ಲಿ ದೊಡ್ಡಕ್ಷರ, ಕೆಳಗಿನದರಲ್ಲಿ ಸಣ್ಣಕ್ಷರ. ಅಪ್ಪರ್ ಕೇಸ್, ಲೋವರ್ ಕೇಸ್ ಎಂಬ ಹೆಸರು ಬಂದದ್ದೇ ಅದರಿಂದ. ಕಂಪ್ಯೂಟರಿನ ಹುಡುಗರಿಗೆ ಇದನ್ನು ಹೇಳಿದರೆ ನಂಬುವುದಿಲ್ಲ. ಕನ್ನಡಕ್ಕೆ ದೊಡ್ಡದು ಸಣ್ಣದು ಇಲ್ಲ, ಆದರೆ ಒತ್ತಕ್ಷರ, ಗುಣಿತದ ಗುರುತು ಎಲ್ಲ ಬೇರೆ ಬೇರೆ ಮೊಳೆ. ಇಂಗ್ಲಿಷಿಗಿಂತ ಜಾಸ್ತಿ ಖಾನೆ ಬೇಕಾಗುತ್ತಿತ್ತು. ಟೈಟಲ್ ಎದ್ದು ಕಾಣಬೇಕಾದರೆ ನಾವು ದಪ್ಪ ಮೊಳೆ ಹಾಕುತ್ತಿದ್ದೆವು, ಅಷ್ಟೇ. ಕನ್ನಡದ ಮೊದಲ ಪತ್ರಿಕೆ ಮಂಗಳೂರು ಸಮಾಚಾರದ ಕಾಲದಿಂದಲೂ ಕನ್ನಡ ಮೊಳೆ ಜೋಡಿಸುವುದೆಂದರೆ ಹೀಗೇ.

ಕುಂದಾಪುರ ಮಾಣಿ:
ಹಿರಿಯರೇ, ಒಂದು ತಿದ್ದುಪಡಿ. 1843ರ ಮಂಗಳೂರು ಸಮಾಚಾರ ಮೊಳೆಯಲ್ಲಿ ಅಚ್ಚಾದದ್ದಲ್ಲ. ಬಾಸೆಲ್ ಮಿಷನ್ನಿನವರು ಅದನ್ನು ಕಲ್ಲಚ್ಚಿನಲ್ಲಿ, ಅಂದರೆ ಕಲ್ಲಿನ ಮೇಲೆ ಬರೆದು ಅಚ್ಚೊತ್ತಿ, ತೆಗೆದದ್ದು.

ಗದಗ ಪ್ರೆಸ್:
ಹೌದಪ್ಪ, ಕಲ್ಲಚ್ಚು. ನೆನಪು ಮಾಡಿದ್ದಕ್ಕೆ ಸಂತೋಷ.

ಮ್ಯೂನಿಕ್ ಮಂದಿ:
ಇಲ್ಲಿ ಜರ್ಮನಿಯಲ್ಲಿ ಎಲ್ಲ ನಾಮಪದಕ್ಕೂ ಕ್ಯಾಪಿಟಲ್. ವಾಕ್ಯದ ನಡುವೆ ಬಂದ ಮೇಜು, ಬೆಕ್ಕು, ಸೇಬು ಎಲ್ಲಕ್ಕೂ. ಟೈಟಲ್‌ಗೆ ಅಂತ ಬೇರೆ ನಿಯಮ ಇಲ್ಲ. ಪದಕ್ಕೆ ಮೊದಲು ‘ಡೆರ್, ಡೀ, ಡಾಸ್’ (ಇಂಗ್ಲಿಷಿನ ‘ದ’ ಇದ್ದ ಹಾಗೆ) ಹಾಕಿ ನೋಡು, ಹೊಂದಿದರೆ ದೊಡ್ಡಕ್ಷರ ಎಂದು ಶಾಲೆಯಲ್ಲಿ ಹೇಳಿಕೊಡುತ್ತಾರೆ. ನನ್ನ ಮಗಳು ಇಂಗ್ಲಿಷ್ ಬರೆಯುವಾಗಲೂ ಹಾಗೇ ಮಾಡುತ್ತಿದ್ದಳು. ಕನ್ನಡ ಕಲಿಯುವಾಗ ಮಾತ್ರ “ಇಲ್ಲಿ ಯಾರೂ ದೊಡ್ಡವರಿಲ್ಲ, ಆರಾಮ” ಎಂದಳು.

ಶಿರಸಿ ಟೆಕ್ಕಿ:
ಯಾರೂ ಹೇಳದ ಒಂದು ತೊಂದರೆ ನಮ್ಮ ಮನೆಯಲ್ಲಾಯಿತು. ನಾನು ಬರಹ ತಂತ್ರಾಂಶದಲ್ಲಿ ಕನ್ನಡ ಟೈಪ್ ಮಾಡುತ್ತೇನೆ. ಅದರಲ್ಲಿ ಇಂಗ್ಲಿಷ್ ಕೀಲಿಯಲ್ಲೇ ಕನ್ನಡ ಬರುತ್ತದೆ. ಚಿಕ್ಕ ಎಲ್ ಒತ್ತಿದರೆ ‘ಲ’, ದೊಡ್ಡ ಎಲ್ ಒತ್ತಿದರೆ ‘ಳ’. ಚಿಕ್ಕ ಎನ್‌ಗೆ ‘ನ’, ದೊಡ್ಡ ಎನ್‌ಗೆ ‘ಣ’. ‘ಕನ್ನಡ’ ಎಂದು ಬರೆಯಬೇಕಾದರೆ ಪದದ ನಡುವೆ ದೊಡ್ಡ ಡಿ ಬರಬೇಕು. ಮಗ ಪಕ್ಕದಲ್ಲಿ ಕೂತು ನೋಡುತ್ತಿದ್ದ. ಸ್ವಲ್ಪ ದಿನದಲ್ಲಿ ಅವನ ಇಂಗ್ಲಿಷ್ ಪುಸ್ತಕದಲ್ಲಿ ಪದದ ನಡುವೆಯೆಲ್ಲ ದೊಡ್ಡ ಡಿ, ದೊಡ್ಡ ಟಿ. ಕೇಳಿದರೆ “ಅಪ್ಪಾ, ಗಟ್ಟಿಯಾಗಿ ಹೇಳುವ ಅಕ್ಷರ ದೊಡ್ಡದು ತಾನೇ?” ಎಂದ. ಅವನ ತರ್ಕ ಸರಿಯಾಗಿಯೇ ಇತ್ತು. ಇಂಗ್ಲಿಷಿನಲ್ಲಿ ಅಕ್ಷರ ದೊಡ್ಡದಾದರೂ ಸದ್ದು ಬದಲಾಗುವುದಿಲ್ಲ ಎಂದು ಯಾರೂ ಅವನಿಗೆ ಹೇಳಿರಲಿಲ್ಲ. ನನಗೂ ಹೇಳಬೇಕು ಎಂದು ಹೊಳೆದಿರಲಿಲ್ಲ.

ಕಾರ್ಕಳ ಅಕ್ಕ:
ಅಯ್ಯೋ ಪಾಪ! ಎಷ್ಟು ಯೋಚನೆ ಮಾಡಿದ್ದಾನೆ ನೋಡಿ ಮಗು.

ಹಾವೇರಿ ಟೀಚರ್:
ಇದಕ್ಕೇ ನಾನು ಮಗುವಿನ ತಪ್ಪು ತಿದ್ದುವ ಮೊದಲು “ಯಾಕೆ ಹೀಗೆ ಬರೆದೆ?” ಎಂದು ಕೇಳುವುದು. ಇನ್ನೊಂದು ಸೂಕ್ಷ್ಮ ಹೇಳಿಬಿಡುತ್ತೇನೆ. ಸಿ, ಓ, ಎಸ್, ವಿ, ಡಬ್ಲ್ಯೂ, ಎಕ್ಸ್, ಝಡ್ ಈ ಏಳು ಅಕ್ಷರಗಳ ದೊಡ್ಡ ರೂಪ, ಚಿಕ್ಕ ರೂಪ ಒಂದೇ. ಗಾತ್ರ ಮಾತ್ರ ಬೇರೆ. ಬಿಳಿ ಹಾಳೆಯಲ್ಲಿ ಬರೆದರೆ ಮಗು ದೊಡ್ಡದು ಬರೆದಿದೆಯೋ ಚಿಕ್ಕದೋ ಗೊತ್ತೇ ಆಗುವುದಿಲ್ಲ. ನಾನು ಎಷ್ಟೋ ಸಲ ಸರಿ ಇದ್ದದ್ದನ್ನು ತಪ್ಪೆಂದು ಓದಿದ್ದೇನೆ. ಟೈಟಲ್ ಅಭ್ಯಾಸ ಮಾಡಿಸುವಾಗ ನಾಲ್ಕು ಗೆರೆ ಕಾಪಿಯನ್ನೇ ಕೊಡಿ. ಮೇಲಿನ ಗೆರೆ ಮುಟ್ಟಿದರೆ ದೊಡ್ಡದು, ನಡುವಿನ ಎರಡು ಗೆರೆಯೊಳಗೇ ಇದ್ದರೆ ಚಿಕ್ಕದು.

ಪುಸ್ತಕದ ಮನೆ:
ತಡವಾಗಿ ಬಂದೆ. ನಾನು ಲೈಬ್ರರಿಯಲ್ಲಿ ಕೆಲಸ ಮಾಡಿದವಳು. ಲೈಬ್ರರಿ ವಿಜ್ಞಾನಿ ಎಸ್. ಆರ್. ರಂಗನಾಥನ್ ಅವರು 1962ರಲ್ಲಿ ಬೆಂಗಳೂರಿನಲ್ಲಿ ಶುರುಮಾಡಿದ ಡಿಆರ್‌ಟಿಸಿ ಎಂಬ ಲೈಬ್ರರಿ ವಿಜ್ಞಾನದ ಸಂಸ್ಥೆಯ ಬಗ್ಗೆ ಕೇಳಿ ಬೆಳೆದು ಈ ಓದಿಗೆ ಬಂದವಳು. ಕ್ಯಾಟಲಾಗ್ ಕಾರ್ಡಿನಲ್ಲಿ ಪುಸ್ತಕದ ಇಂಗ್ಲಿಷ್ ಹೆಸರು ಬರೆಯುವಾಗ ನಾವು ಮೊದಲ ಪದ ಮತ್ತು ಅಂಕಿತನಾಮ ಮಾತ್ರ ದೊಡ್ಡದು ಮಾಡುತ್ತಿದ್ದೆವು. ಪುಸ್ತಕದ ಮುಖಪುಟದಲ್ಲಿ ಒಂದು ರೀತಿ, ಕಾರ್ಡಿನಲ್ಲಿ ಇನ್ನೊಂದು ರೀತಿ. ಮಕ್ಕಳು ಬಂದು “ಮಿಸ್, ಕಾರ್ಡಿನಲ್ಲಿ ತಪ್ಪು ಬರೆದಿದ್ದೀರಿ” ಎನ್ನುತ್ತಿದ್ದರು. ಆಗ ಅವರಿಗೆ ಎರಡನ್ನೂ ಪಕ್ಕಪಕ್ಕ ಇಟ್ಟು ತೋರಿಸುತ್ತಿದ್ದೆ.

ತೀರ್ಥಹಳ್ಳಿಯವರಿಗೆ ನನ್ನ ಸಲಹೆ ಇಷ್ಟೇ. ಶಾಲೆಯ ಲೈಬ್ರರಿಯಲ್ಲಿ ಹತ್ತು ಇಂಗ್ಲಿಷ್ ಕಥೆಪುಸ್ತಕ ತೆಗೆಸಿ. ಪರಿವಿಡಿ ಪುಟ ಬಿಡಿಸಿ. ‘ಈಸ್’ ಇರುವ ಟೈಟಲ್ ಅವನೇ ಹುಡುಕಲಿ. ಮಿಸ್ ಹತ್ತಿರ ಹೋಗುವುದಾದರೆ ಆ ಪುಟ ತೆಗೆದುಕೊಂಡು ಹೋಗಿ. ನಾವು ಇಲ್ಲಿ ಹೇಳಿದ ಮಾತಿಗಿಂತ ಅಚ್ಚಾದ ಪುಟ ನೋಡಿ ಒಪ್ಪುವುದು ಯಾರಿಗಾದರೂ ಸುಲಭ.

ಗದಗ ಪ್ರೆಸ್:
ಮುಖಪುಟ ಲೆಕ್ಕಕ್ಕೆ ಹಿಡಿಯಬೇಡಿ. ಅಲ್ಲಿ ಎಷ್ಟೋ ಸಲ ಪೂರ್ತಿ ಹೆಸರನ್ನೇ ದೊಡ್ಡಕ್ಷರದಲ್ಲಿ ಹಾಕುತ್ತೇವೆ. ಪರಿವಿಡಿಯಲ್ಲೇ ನೋಡಬೇಕು.

ತೀರ್ಥಹಳ್ಳಿ ಅಮ್ಮ:
ಎಲ್ಲರಿಗೂ ನಮಸ್ಕಾರ, ಹತ್ತು ದಿನದ ಮೇಲೆ ಬರೆಯುತ್ತಿದ್ದೇನೆ.

ಶನಿವಾರ ಇವನ ಜೊತೆ ಕೂತು ನಿನ್ನೆ ಪರೀಕ್ಷೆ, ಬಾಲದ ಪರೀಕ್ಷೆ ಎರಡೂ ಮಾಡಿದೆ. ಬಾಲ ಎಂದರೆ ಇವನಿಗೆ ಕುಣಿತ. ಮನೆಯಲ್ಲಿದ್ದ ಎಲ್ಲದಕ್ಕೂ ಟೈಟಲ್ ಕೊಟ್ಟ. ನಾಯಿಗೆ ‘★ದ ★ಡಾಗ್ ಇನ್ ದ ★ಬ್ಯಾಕ್ ★ಯಾರ್ಡ್’. ಅತ್ತೆ ಮಾಡುತ್ತಿದ್ದ ಪತ್ರೊಡೆಗೆ ‘★ಮೈ ★ಅಜ್ಜಿ ★ಈಸ್ ★ಮೇಕಿಂಗ್ ★ಪತ್ರೊಡೆ’. ‘ಈಸ್’ ಬರೆಯುವಾಗ ನನ್ನ ಮುಖ ನೋಡಿ “ನಿನ್ನೆ ವಾಸ್” ಎಂದು ಹೇಳಿ ದೊಡ್ಡದು ಬರೆದ.

ಸೋಮವಾರ ಮಿಸ್ ಹತ್ತಿರ ಹೋದೆ. ಪರಿವಿಡಿಯ ಪುಟ ತೋರಿಸಿದೆ. ಜಗಳ ಮಾಡಲು ಬಂದವಳಲ್ಲ ಎಂದು ಮೊದಲೇ ಹೇಳಿದೆ. ಅವರು ಪುಟ ನೋಡಿ ಸುಮ್ನೆ ಕೂತರು. ಆಮೇಲೆ, ತನಗೂ ಓದುವಾಗ ಮೂರಕ್ಷರದ ಒಳಗಿನದೆಲ್ಲ ಚಿಕ್ಕದು ಎಂದೇ ಹೇಳಿಕೊಟ್ಟಿದ್ದರು, ಅದನ್ನೇ ಮಕ್ಕಳಿಗೆ ಹೇಳಿದೆ ಎಂದರು. ಹಾವೇರಿ ಟೀಚರ್ ಹೇಳಿದ ನಿಲ್ಲುವ ಕೂರುವ ಆಟವನ್ನು ಪೂರ್ತಿ ಕೇಳಿ ಬರೆದುಕೊಂಡರು. ಆ ಒಂದು ಮಾರ್ಕು ಇವನೊಬ್ಬನಿಗಲ್ಲ, ‘ಈಸ್’ ದೊಡ್ಡದು ಬರೆದ ಇನ್ನೂ ಇಬ್ಬರಿಗೆ ಸೇರಿಸಿದರಂತೆ.

ಇವನು ಮಾತ್ರ ಈಗ ಹೊಸ ಪ್ರಶ್ನೆ ತಂದಿದ್ದಾನೆ. ಒಂದೇ ಪದದ ಟೈಟಲ್ ಆದರೆ, ಅದೂ ‘ಟು’ ತರಹದ ಚಿಕ್ಕ ಪದವಾದರೆ ಏನು ಮಾಡುವುದು?

ಹಾವೇರಿ ಟೀಚರ್:
ಅದೇ ಮೊದಲನೆಯದು, ಅದೇ ಕೊನೆಯದು. ಬಾಗಿಲು ಕಾಯುವವನು ಅವನೊಬ್ಬನೇ. ನಿಲ್ಲಲಿ.

ತೀರ್ಥಹಳ್ಳಿ ಅಮ್ಮ:
ಹೇಳಿದೆ. “ಹಾಗಾದರೆ ಎರಡೂ ಕೈ ಎತ್ತಿ ನಿಲ್ಲಬೇಕು” ಎನ್ನುತ್ತಿದ್ದಾನೆ.